ಅತಿಸ್ತಿಯಾಳ ರೊಟ್ಟಿ ಬುಟ್ಟಿ

ಸೆತ್ತಿಮಿಯಾ ಬೆಳಿಗ್ಗೆ ತಾನೇ ಗುಡಿಸಿ ಒರೆಸಿದ ಕೋಣೆಗೆ ಸಂಜೆ ಪುಸ್ತಕ ಹಿಡಿದು ಬರುತ್ತಿದ್ದಳು. ಕಿಟಕಿ ಪಕ್ಕದ ಎರಡನೇ ಬೆಂಚೇ ಅವಳಿಗಾಗಬೇಕು. ಆ ಬೆಂಚಿನ ಅಡಿಗೆ ಮಕ್ಕಳು ಅಂಟಿಸಿದ್ದ ಚ್ಯೂಯಿಂಗ್ ಗಮ್ಮನ್ನೆಲ್ಲ ಅವಳೇ ಚಾಕುವಿನಿಂದ ಕೆರೆದು ತೆಗೆದಿದ್ದಳು. ಉಳಿದ ಬೆಂಚುಗಳ ಅಡಿಯಲ್ಲಿ ಏನೇನಿದೆ ಎಂಬುದು ಗೊತ್ತಿದ್ದವರು ಅಲ್ಲಿ ಹೋಗಿ ಮೊಣಕಾಲು ತಗುಲಿಸಿಕೊಂಡು ಕೂರುವುದುಂಟೆ?

ರೋಮಿನ ಪ್ರೆನೆಸ್ತೀನಾ ರಸ್ತೆಯ ಅಕ್ಕಪಕ್ಕದ ಮಕ್ಕಳೆಲ್ಲ ಓದುವ ಮಾಧ್ಯಮಿಕ ಶಾಲೆ ಅದು. ಅಲ್ಲಿ ಅವಳದು ಆಯಾ ಕೆಲಸ. ಗುಡಿಸಬೇಕು, ಗಂಟೆ ಹೊಡೆಯಬೇಕು, ಬಿದ್ದು ಮಂಡಿ ತರಚಿಕೊಂಡವರಿಗೆ ಔಷಧಿ ಹಚ್ಚಬೇಕು, ತಡವಾಗಿ ಬಂದವರನ್ನು ಗದರಿಸಿ ಒಳಗೆ ಬಿಡಬೇಕು. ವರ್ಷಗಳಿಂದ ಮಾಡುತ್ತಿದ್ದರೂ ಕೆಲಸ ಖಾಯಂ ಆಗಿರಲಿಲ್ಲ. ಯಾರಾದರೂ ರಜೆ ಹಾಕಿದರೆ ಕರೆಯುತ್ತಿದ್ದರು, ಅವರು ಬಂದೊಡನೆ ಇವಳನ್ನು ಮನೆಗೆ ಕಳಿಸುತ್ತಿದ್ದರು. ಆ ವರ್ಷ ಹಳೆಯ ಆಯಾ ನಿವೃತ್ತಿಯಾಗುವವಳಿದ್ದಳು. ಆ ಜಾಗ ಸೆತ್ತಿಮಿಯಾಳಿಗೇ ಎಂದು ಹೆಡ್‌ಮೇಷ್ಟ್ರಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಅಂದುಕೊಂಡಿದ್ದರು. ಆದರೆ ಖಾಯಂ ಜಾಗಕ್ಕೆ ಮಾಧ್ಯಮಿಕ ಶಾಲೆ ಪಾಸಾದ ಸರ್ಟಿಫಿಕೇಟು ಬೇಕು. ಸೆತ್ತಿಮಿಯಾ ಓದಿದ್ದು ಐದನೇ ಕ್ಲಾಸು, ಅದೂ ಫ್ರೊಸಿನೋನೆಯ ಆಚೆಯ ಗುಡ್ಡದೂರಿನಲ್ಲಿ, ಕುರಿ ಮೇಯಿಸುವ ಕೆಲಸವಿಲ್ಲದ ತಿಂಗಳುಗಳಲ್ಲಿ ಮಾತ್ರ. ಆಮೇಲೆ ರೋಮಿಗೆ ಬಂದು ಒಬ್ಬ ವಕೀಲರ ಮನೆಯಲ್ಲಿ ಪಾತ್ರೆ ತಿಕ್ಕಿದಳು. ಟ್ರಾಮು ಓಡಿಸುವ ನಜ್ಜರೇನೊನನ್ನು ಮದುವೆಯಾಗಿ ಅವನ ಮನೆ ಸೇರಿದಳು. ಮಕ್ಕಳಾಗಲಿಲ್ಲ. ಅದನ್ನು ಬಹಳ ದಿನ ಮನಸ್ಸಿಗೆ ಹಚ್ಚಿಕೊಂಡಿದ್ದಳು, ಶಾಲೆಯ ಕೆಲಸಕ್ಕೆ ಸೇರಿದ ಮೇಲೆ ಬಿಟ್ಟಳು.

ಕೂಲಿ ಕಾರ್ಮಿಕರು, ಗೃಹಿಣಿಯರು ನಡುವಯಸ್ಸಿನಲ್ಲೂ ಬಂದು ಓದು ಮುಗಿಸಲಿ ಎಂದು ಆಗಷ್ಟೇ ಸಂಜೆ ತರಗತಿಗಳು ಶುರುವಾಗಿದ್ದವು. ಕಾರ್ಖಾನೆಯ ಕೆಲಸಗಾರರು ಹೋರಾಡಿ ಗಳಿಸಿಕೊಂಡ ಸವಲತ್ತು ಅದು. ಸೆತ್ತಿಮಿಯಾ ಹೆಸರು ಕೊಟ್ಟಳು. ಜೂನಿನ ಪರೀಕ್ಷೆಯಲ್ಲಿ ಪಾಸಾದರೆ ಜಾಗ ಅವಳದು. ಫೇಲಾದರೆ ಆ ಜಾಗಕ್ಕೆ ಬೇರೊಬ್ಬರು ಬಂದು ಕೂರುತ್ತಾರೆ. ಹಾಗೆ ಕೂತವರು ಸಾಮಾನ್ಯವಾಗಿ ಮುದುಕರಾಗುವವರೆಗೆ ಏಳುವುದಿಲ್ಲ.

ತರಗತಿಯ ಚರಿತ್ರೆ ಮೇಷ್ಟ್ರು ಲಂಬೆರ್ತಿ. ತೆಳ್ಳಗಿನ ಮನುಷ್ಯ, ಮಾತಿಗೆ ಮುಂಚೆ ಒಮ್ಮೆ ಕೆಮ್ಮುವ ಅಭ್ಯಾಸ. ದಣಿದು ಬಂದವರು ತೂಕಡಿಸಿದರೆ ಎಬ್ಬಿಸುತ್ತಿರಲಿಲ್ಲ. ಮೌಖಿಕ ಪರೀಕ್ಷೆ ಎಲ್ಲ ಕಡೆಯಂತೆ ಇಲ್ಲಿಯೂ ಅಭ್ಯರ್ಥಿಯೇ ಆರಿಸಿಕೊಂಡ ವಿಷಯದಿಂದ ಶುರುವಾಗುತ್ತದೆ ಎಂದು ಅವರು ತಿಳಿಸಿಹೇಳಿದರು. ಒಬ್ಬೊಬ್ಬರೂ ಹಳೆಯ ರೋಮಿನ ಒಬ್ಬೊಬ್ಬರನ್ನು ಹಿಡಿಯಿರಿ, ಅವರು ಹೇಗೆ ಬಾಳಿದರೆಂದು ಹುಡುಕಿ, ಪರೀಕ್ಷೆಯ ಮೇಜಿನ ಮುಂದೆ ನಿಮ್ಮ ಮಾತಿನಲ್ಲೇ ಹೇಳಿ ಎಂದರು.

ಗಾರೆ ಕೆಲಸದ ಒತೆಲ್ಲೊ ಮೊದಲು ಕೈ ಎತ್ತಿ ನೀರೋನನ್ನು ಹಿಡಿದ. ಊರು ಸುಟ್ಟ ಮೇಲೆ ಮತ್ತೆ ಕಟ್ಟೋಕೆ ನಮ್ಮೋರೇ ಬೇಕಾದ್ರಲ್ಲ, ನಮ್ಮ ಕಸುಬಿಗೆ ಅವನೇ ದೊಡ್ಡ ಧಣಿ ಎಂದ. ಸುಟ್ಟದ್ದು ಅವನೇ ಎಂದು ಯಾರಿಗೂ ಖಚಿತವಿಲ್ಲ ಎಂದು ಮೇಷ್ಟ್ರು ಕೆಮ್ಮಿ ಹೇಳಿದ್ದು ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸೀಸರ್ ಹೋದ, ಅಗಸ್ಟಸ್ ಹೋದ, ಗುಲಾಮರನ್ನು ದಂಗೆ ಎಬ್ಬಿಸಿದವನನ್ನು ರೈಲ್ವೆಯವನೊಬ್ಬ ಹಿಡಿದುಕೊಂಡ. ಸೆತ್ತಿಮಿಯಾಳ ಸರದಿ ಬರುವ ಹೊತ್ತಿಗೆ ಅವಳಿಗೆ ಗೊತ್ತಿದ್ದವರೆಲ್ಲ ಮುಗಿದಿದ್ದರು. ಬಾಯಿಗೆ ಬಂದದ್ದನ್ನು ಹೇಳಿದಳು.

"ಪೋರ್ತಾ ಮಜ್ಜೋರೆ ಹತ್ರ ರೊಟ್ಟಿಯವನ ಗೋರಿ ಇದೆಯಲ್ಲ ಮೇಷ್ಟ್ರೇ, ಅವನ ಹೆಂಡತಿ ಆಗಬಹುದಾ?"

ದಿನವೂ ಟ್ರಾಮಿನಿಂದ ನೋಡುವ ಕಲ್ಲು ಅದು. ಊರಬಾಗಿಲಿನ ಪಕ್ಕ ಹಳಿಗಳ ನಡುವೆ ನಿಂತ ದೊಡ್ಡ ಬಿಳಿ ಗೋರಿ, ಮೈತುಂಬ ದುಂಡು ತೂತುಗಳು. ನಮ್ಮ ಬೀದಿಯವರಿಗೆ ಅದು ಸಮಾಧಿಯೂ ಅಲ್ಲ, ಚರಿತ್ರೆಯೂ ಅಲ್ಲ. ರೊಟ್ಟಿಯವನ ಹತ್ರ ಸಿಗ್ತೀನಿ ಎಂದರೆ ಅಲ್ಲಿ ಟ್ರಾಮಿನಿಂದ ಇಳಿದು ಕಾಯಬೇಕು ಎಂದು ಅರ್ಥ. ಆ ರೊಟ್ಟಿಯವನ ಹೆಸರು ಎವ್ರಿಸಾಚೆ, ಹೆಂಡತಿಯ ಹೆಸರು ಅತಿಸ್ತಿಯಾ ಎಂದು ಅವಳಿಗೆ ತಿಳಿದದ್ದು ಮೇಷ್ಟ್ರು ಹೇಳಿದ ಮೇಲೆಯೇ. ಅವರ ಮುಖ ಅರಳಿತು. ಬಹಳ ಒಳ್ಳೆಯ ಆಯ್ಕೆ, ಆದರೆ ಸಿಗುವುದು ತೀರ ಕಡಿಮೆ ಎಂದರು. ಒಳ್ಳೆಯ ಆಯ್ಕೆ ಎಂದದ್ದಷ್ಟೇ ಸೆತ್ತಿಮಿಯಾಳ ಕಿವಿಯಲ್ಲಿ ಉಳಿಯಿತು.

ಹುಡುಕುವುದು ಎಂದರೆ ಸೆತ್ತಿಮಿಯಾಳಿಗೆ ಕೇಳುವುದು. ಅವಳ ಊರಿನಲ್ಲಿ ಯಾರ ವಿಷಯವಾದರೂ ಹಾಗೆಯೇ ತಿಳಿಯುತ್ತಿತ್ತು. ಶಾಲೆ ಮುಗಿಸಿ ಬರುವಾಗ ಇಸ್ತ್ರಿ ಅಂಗಡಿಯ ಯೋಲೆಯನ್ನು ಕೇಳಿದಳು, ಮಾರುಕಟ್ಟೆಯಲ್ಲಿ ಮೊಟ್ಟೆ ಮಾರುವವಳನ್ನು ಕೇಳಿದಳು, ಚರ್ಚಿನಲ್ಲಿ ಹೂ ಜೋಡಿಸುವ ಮುದುಕಿಯರನ್ನು ಕೇಳಿದಳು. ಗೊತ್ತಿಲ್ಲ ಎಂದವರು ಒಬ್ಬರೂ ಇಲ್ಲ. ರೊಟ್ಟಿಯವನ ಹೆಂಡತಿ ತಾನೇ, ಕೋಳಿ ಕೂಗುವ ಮುಂಚೆ ಏಳುತ್ತಿದ್ದಳು ಎಂದು ಒಬ್ಬಳು. ಕೈಯೆಲ್ಲ ಬೊಬ್ಬೆ, ಮೊಣಕೈವರೆಗೆ ಸುಟ್ಟ ಗುರುತು ಎಂದು ಯೋಲೆ. ಗಂಡ ಬೆಳಿಗ್ಗೆಯೆಲ್ಲ ಮಲಗಿರುತ್ತಿದ್ದ, ಅಂಗಡಿ ನೋಡುವುದು, ಮಕ್ಕಳನ್ನು ನೋಡುವುದು ಎಲ್ಲ ಅವಳ ತಲೆಗೇ ಎಂದು ಮತ್ತೊಬ್ಬಳು. ಗೋರಿಯ ಮೇಲಿನ ತೂತುಗಳು ಒಲೆಯ ಬಾಯಿಗಳು, ಅವಳು ದಿನವಿಡೀ ನೋಡಿದ್ದು ಅದನ್ನೇ ಅಲ್ಲವೇ ಎಂದು ಮೊಟ್ಟೆಯವಳು ಕಣ್ಣಂಚು ಒರೆಸಿಕೊಂಡಳು. ಸೆತ್ತಿಮಿಯಾ ಎಲ್ಲವನ್ನೂ ಕಿವಿಗೊಟ್ಟು ಕೇಳಿ, ನೆನಪಿನಲ್ಲಿಟ್ಟು, ಮನೆಗೆ ಬಂದು ಒಂದರ ಪಕ್ಕ ಒಂದು ಜೋಡಿಸುತ್ತಿದ್ದಳು.

ಕೇಳದೆ ಬಿಟ್ಟದ್ದು ಒಬ್ಬರನ್ನು ಮಾತ್ರ, ಅತ್ತೆ ಎರ್ಸೀಲಿಯಾಳನ್ನು. ನಿಜಕ್ಕೂ ರೊಟ್ಟಿಯವನ ಹೆಂಡತಿಯಾಗಿ ಬಾಳಿದವಳು ಆ ಬೀದಿಯಲ್ಲಿ ಅವಳೊಬ್ಬಳೇ. ಮನೆಯ ಮುಂದಿನ ಭಾಗದಲ್ಲಿ ಮಾವ ಕ್ವಿರೀನೊನ ಒಲೆ ಇತ್ತು. ಅವನು ತೀರಿಕೊಂಡ ಮೇಲೆ ಆ ಜಾಗದಲ್ಲಿ ಯಾರೋ ಸೈಕಲ್ ರಿಪೇರಿ ಮಾಡುತ್ತಿದ್ದರು. ಕೇಳದಿರಲು ಕಾರಣ, ಎರ್ಸೀಲಿಯಾ ತನ್ನ ವಿಷಯ ಆಡುತ್ತಿರಲಿಲ್ಲ, ಬೇರೆಯವರು ಆಡಿದರೆ ಎದ್ದು ಹೋಗುತ್ತಿದ್ದಳು. ಯುದ್ಧದಲ್ಲಿ ಜರ್ಮನರು ರೋಮನ್ನು ಹಿಡಿದಿದ್ದ ಚಳಿಗಾಲದಲ್ಲಿ ಊರಿಗೆ ಹಿಟ್ಟು ಬರುವುದೇ ನಿಂತಿದ್ದಾಗ ಅಂಗಡಿಯ ಬಾಗಿಲಲ್ಲಿ ನಿಂತು ಯಾರಿಗೆ ತುಂಡು, ಯಾರಿಗೆ ಇಲ್ಲ ಎಂದು ಹೇಳಬೇಕಾಗಿ ಬಂದದ್ದು ಅವಳಿಗೆ. ಆಗ ಸಿಕ್ಕವರು ಈಗಲೂ ಚರ್ಚಿನ ಮೆಟ್ಟಿಲ ಮೇಲೆ ಅವಳ ಕೈ ಹಿಡಿದು ಮಾತಾಡಿಸುತ್ತಾರೆ, ಸಿಗದವರು ಈಗಲೂ ಮುಖ ತಿರುಗಿಸುತ್ತಾರೆ. ಅವತ್ತಿನಿಂದ ತನ್ನ ಹೆಸರು ಯಾರ ಬಾಯಲ್ಲೂ ಇಲ್ಲದಿದ್ದರೆ ಅದೇ ಮರ್ಯಾದೆ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು.

ಈಸ್ಟರ್ ಕಳೆದ ಮೇಲೆ ಮೇಷ್ಟ್ರು ತರಗತಿಯಲ್ಲೇ ಒಂದು ಸಲ ಎಲ್ಲರಿಂದ ಹೇಳಿಸಿ ನೋಡಿದರು. ಸೆತ್ತಿಮಿಯಾ ಮೇಜಿನ ಪಕ್ಕ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಏಪ್ರನ್ ಹಿಡಿಯುವಂತೆ ಲಂಗ ಹಿಡಿದು, ಅತಿಸ್ತಿಯಾಳ ಕತೆ ಹೇಳಿದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ಸರಾಗವಾಗಿ ಬಂತು. ಬೆಳಗಿನ ಚಳಿ, ನಾದುವ ಹಿಟ್ಟು, ಸುಟ್ಟ ಕೈ, ಮಲಗಿದ ಗಂಡ, ಸೊಂಟಕ್ಕೆ ಕಟ್ಟಿಕೊಂಡ ಮಗು, ಕೊನೆಗೆ ಕಾಯಿಲೆ. ತೂಕಡಿಸುವವರೂ ಎಚ್ಚರಾದರು. ಒತೆಲ್ಲೊ ಮೂಗು ಒರೆಸಿಕೊಂಡ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಷ್ಟ್ರೂ ತಟ್ಟಿದರು. ಆಮೇಲೆ ಕೆಮ್ಮಿದರು.

"ಚೆನ್ನಾಗಿ ಹೇಳಿದಿರಿ ಸಿನ್ಯೋರಾ ಸೆತ್ತಿಮಿಯಾ. ಒಂದು ಮಾತು ಕೇಳ್ತೀನಿ. ಅವಳ ಕೈ ಸುಟ್ಟಿತ್ತು ಅಂದಿರಲ್ಲ, ಅದನ್ನ ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ ಮೇಷ್ಟ್ರೇ."

"ಎಲ್ಲರಿಗೂ ಯಾರು ಹೇಳಿದರು?"

ಸೆತ್ತಿಮಿಯಾ ಯೋಚಿಸಿದಳು. ಹೇಳಿದ್ದು ಯೋಲೆ. ಯೋಲೆಯ ತಾಯಿ ಹಿಂದೆ ಕ್ವಿರೀನೊನ ಅಂಗಡಿಯಲ್ಲೇ ಕೂಲಿಗಿದ್ದವಳು, ಅವಳ ಎರಡು ಕೈಗಳ ಮೇಲೂ ಒಲೆಯ ಗುರುತಿತ್ತು. ಮಗು ಕಟ್ಟಿಕೊಂಡು ವ್ಯಾಪಾರ ಮಾಡುತ್ತಿದ್ದದ್ದು ಮೊಟ್ಟೆಯವಳ ಅಜ್ಜಿ. ಬೆಳಿಗ್ಗೆಯೆಲ್ಲ ಮಲಗಿರುತ್ತಿದ್ದ ಗಂಡ ಯಾರ ಗಂಡನೆಂಬುದೂ ಈಗ ಅವಳಿಗೆ ಹೊಳೆಯಿತು. ಒಬ್ಬೊಬ್ಬಳೂ ತನ್ನ ಮನೆಯ ಸತ್ತವಳನ್ನು ತಂದುಕೊಟ್ಟಿದ್ದಳು, ಇವಳು ಎಲ್ಲರನ್ನೂ ಒಂದೇ ಕಲ್ಲಿನ ಕೆಳಗೆ ಮಲಗಿಸಿದ್ದಳು.

ಮೇಷ್ಟ್ರು ನಗಲಿಲ್ಲ, ಗದರಲಿಲ್ಲ. ತಪ್ಪು ಎಲ್ಲಿ ಶುರುವಾಯಿತೆಂದು ವಿವರಿಸಿದರು. ಎವ್ರಿಸಾಚೆ ನಮ್ಮ ಬೀದಿಯ ರೊಟ್ಟಿಯವನಂತೆ ಒಂದೇ ಒಲೆಯ ಬಡಪಾಯಿಯಲ್ಲ. ಸರ್ಕಾರಕ್ಕೆ ರೊಟ್ಟಿ ಒದಗಿಸುವ ದೊಡ್ಡ ಗುತ್ತಿಗೆದಾರ, ಬಹುಶಃ ಗುಲಾಮಗಿರಿಯಿಂದ ಬಿಡುಗಡೆಯಾಗಿ ಮೇಲೆ ಬಂದವನು. ಅಷ್ಟೆತ್ತರದ ಗೋರಿ ಕಟ್ಟಿಸಿಕೊಳ್ಳುವವನ ಕೈಕೆಳಗೆ ಎಷ್ಟು ಜನ ಆಳುಗಳಿದ್ದರೋ. ಅವನ ಹೆಂಡತಿ ಹಿಟ್ಟು ಮುಟ್ಟಿರಬಹುದು, ಮುಟ್ಟದೆಯೂ ಇರಬಹುದು. ಆ ತೂತುಗಳು ಒಲೆಯ ಬಾಯಿ ಅಲ್ಲ, ಹಿಟ್ಟು ನಾದುವ ಪಾತ್ರೆಗಳು ಎನ್ನುವವರಿದ್ದಾರೆ, ಕಾಳು ಅಳೆಯುವ ಅಳತೆ ಎನ್ನುವವರೂ ಇದ್ದಾರೆ. ದಿನವೂ ಪಕ್ಕದಲ್ಲೇ ಓಡಾಡಿ ಓಡಾಡಿ ನಾವು ಅವನನ್ನು ನಮ್ಮವನೇ ಮಾಡಿಕೊಂಡುಬಿಟ್ಟಿದ್ದೇವೆ ಎಂದರು.

"ಹಾಗಾದ್ರೆ ಅವಳ ಬಗ್ಗೆ ಗೊತ್ತಿರೋದು ಏನು?" ಎಂದು ಕೇಳಿದ್ದು ಒತೆಲ್ಲೊ. ಅವನಿಗೆ ಅತ್ತದ್ದು ದಂಡವಾಯಿತೆಂಬ ಸಿಟ್ಟು.

ಗೊತ್ತಿರುವುದು ಇಷ್ಟು. ನೂರಾರು ವರ್ಷಗಳ ಹಿಂದೆ ಅಲ್ಲ, ಮುತ್ತಜ್ಜಂದಿರ ಕಾಲದಲ್ಲಿ, ಪೋಪರ ಆಳ್ವಿಕೆಯಿದ್ದಾಗ, ಆ ಜಾಗದಲ್ಲಿದ್ದ ಹಳೆಯ ಗೋಪುರಗಳನ್ನು ಕೆಡವಿದರು. ಅಲ್ಲಿ ಒಂದು ಬರಹದ ಕಲ್ಲು ಸಿಕ್ಕಿತು. ಅತಿಸ್ತಿಯಾ ನನ್ನ ಹೆಂಡತಿ, ಬಹಳ ಒಳ್ಳೆಯ ಹೆಂಗಸಾಗಿ ಬಾಳಿದಳು, ಅವಳ ದೇಹದಲ್ಲಿ ಉಳಿದದ್ದು ಈ ರೊಟ್ಟಿ ಬುಟ್ಟಿಯಲ್ಲಿದೆ ಎಂದು ಗಂಡ ಬರೆಸಿದ ಮಾತು. ಆ ಗಂಡ ಎವ್ರಿಸಾಚೆಯೇ ಎಂದು ಹೆಚ್ಚಿನವರು ಒಪ್ಪುತ್ತಾರೆ, ಆದರೆ ಅದೂ ಊಹೆಯೇ. ಗಂಡಹೆಂಡಿರು ನಿಂತಿರುವ ಒಂದು ಕಲ್ಲಿನ ಕೆತ್ತನೆಯೂ ಸಿಕ್ಕಿತ್ತು. ಆಮೇಲೆ ಯಾರೋ ಹೆಂಗಸಿನ ತಲೆಯನ್ನು ಮಾತ್ರ ಒಡೆದು ಕದ್ದೊಯ್ದರು. ಮುಗಿಯಿತು. ಒಂದೊಂದು ವಾಕ್ಯ ಹೇಳುವಾಗಲೂ ಇದನ್ನು ನನಗೆ ಯಾರು ಹೇಳಿದರು ಎಂದು ಜೊತೆಗೆ ಹೇಳಿ, ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ ಎಂದು ಮೇಷ್ಟ್ರು ಮಾತು ಮುಗಿಸಿದರು.

ಆ ವಾರವೆಲ್ಲ ಸೆತ್ತಿಮಿಯಾ ಮಂಕಾಗಿದ್ದಳು. ಮೂರೇ ಮಾತು ಉಳಿದಿರುವ ಹೆಂಗಸನ್ನು ಹಿಡಿದು ಪರೀಕ್ಷೆಯ ಮೇಜಿನ ಮುಂದೆ ನಿಲ್ಲುವುದು ಹೇಗೆ? ನೀರೋನಿಗೇ ಬದಲಾಯಿಸಿಕೋ, ಒತೆಲ್ಲೊ ಮುಂದಿನರ್ಧ ಹೇಳಲಿ, ನೀನು ಹಿಂದಿನರ್ಧ ಹೇಳು ಎಂದು ನಜ್ಜರೇನೊ ಊಟದ ಹೊತ್ತಿಗೆ ತಮಾಷೆ ಮಾಡಿದ. ಅವಳು ನಗದಿದ್ದಾಗ, ಜಾಗ ಸಿಗದಿದ್ದರೆ ಬೇಡ ಬಿಡು, ಇಷ್ಟು ದಿನ ಹೇಗೆ ನಡೆಯಿತೋ ಹಾಗೆ ನಡೆಯುತ್ತೆ ಎಂದ. ಅವನು ಸಮಾಧಾನಕ್ಕೆ ಹೇಳಿದ ಮಾತೇ ಅವಳಿಗೆ ಹೆಚ್ಚು ಚುಚ್ಚಿತು. ರಜೆಯವರು ಬಂದೊಡನೆ ಪೊರಕೆ ಕೆಳಗಿಟ್ಟು ಮನೆಗೆ ಹೋಗುವುದು ಅವಳಿಗೆ ಸಾಕಾಗಿತ್ತು.

ಮೇ ಒಂದರಂದು, ಕಾರ್ಮಿಕರ ಹಬ್ಬದ ದಿನ, ಅತ್ತೆ ಸೊಸೆ ಅಡುಗೆಮನೆಯಲ್ಲಿ ಕೂತು ಅವರೆಯಂಥ ಹಸಿ ಫಾವಾ ಕಾಯಿ ಸುಲಿಯುತ್ತಿದ್ದರು. ಆ ದಿನ ಹಸಿ ಕಾಳನ್ನು ಕುರಿಗಿಣ್ಣಿನ ಜೊತೆ ತಿನ್ನದಿದ್ದರೆ ರೋಮಿನವರಿಗೆ ಹಬ್ಬ ಆದಂತಲ್ಲ. ಎರ್ಸೀಲಿಯಾ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಹಾಕುತ್ತ, ತಲೆ ಎತ್ತದೆ ಕೇಳಿದಳು.

"ಊರವರನ್ನೆಲ್ಲ ಕೇಳಿದೆಯಂತೆ. ನನ್ನನ್ನ ಕೇಳಲಿಲ್ಲ."

"ನಿಮಗೆ ಇಷ್ಟ ಆಗಲ್ಲ ಅಂತ ಸುಮ್ಮನಿದ್ದೆ, ಅತ್ತೆ."

"ಇಷ್ಟ ಆಗಲ್ಲ ನಿಜ. ಯೋಲೆ ಏನು ಹೇಳಿದಳು?"

ಸೆತ್ತಿಮಿಯಾ ಹೇಳಿದಳು. ಸುಟ್ಟ ಕೈಯ ಮಾತು ಬಂದಾಗ ಎರ್ಸೀಲಿಯಾ ಮೂಗಿನಲ್ಲೇ ನಕ್ಕಳು. ಯೋಲೆಯ ತಾಯಿಗೆ ಸುಟ್ಟದ್ದು ಕೆಲಸದಿಂದಲ್ಲ, ಒಲೆಯ ಮುಂದೆ ನಿಂತು ಹಾಳು ಹರಟೆ ಹೊಡೆದದ್ದರಿಂದ ಎಂದಳು. ಆಮೇಲೆ ಆ ಕಲ್ಲಿನವಳ ಬಗ್ಗೆ ಉಳಿದದ್ದು ಏನು ಎಂದು ಕೇಳಿ, ಆ ಮೂರು ಮಾತುಗಳನ್ನು ಎರಡು ಸಲ ಹೇಳಿಸಿಕೊಂಡಳು. ಅತಿಸ್ತಿಯಾ ಅನ್ನೋದು ಗಂಡನ ಮನೆ ಹೆಸರೋ ಎಂದು ವಿಚಾರಿಸಿದಳು. ಅಲ್ಲ, ಅಪ್ಪನ ಮನೆಯದು, ಆ ಕಾಲದ ಹೆಂಗಸರು ಮದುವೆಯಾದ ಮೇಲೂ ಅದನ್ನು ಬಿಡುತ್ತಿರಲಿಲ್ಲವೆಂದು ಮೇಷ್ಟ್ರು ಹೇಳಿದ್ದಾರೆ ಎಂದಳು ಸೆತ್ತಿಮಿಯಾ.

"ಸರಿಯಾಗೇ ಇದೆ. ಗಂಡ ಬರೆಸಿದ್ದೂ ಸರಿಯಾಗೇ ಇದೆ. ಇನ್ನೇನು ಬೇಕಿತ್ತು ನಿನಗೆ?"

"ಅವನ ಬಗ್ಗೆ ಗೋರಿ ತುಂಬ ಇದೆ ಅತ್ತೆ. ಗೋಧಿ ಬೀಸೋದು, ಜರಡಿ ಹಿಡಿಯೋದು, ಒಲೆ, ತಕ್ಕಡಿ, ಎಲ್ಲ ಕೆತ್ತಿಸಿದಾನೆ. ಅವಳಿಗೆ ಇಷ್ಟೇ ಇಷ್ಟು."

"ಇಷ್ಟು ಸಾಕು ಕಣೇ. ಅವಳ ಪುಣ್ಯ. ಜಾಸ್ತಿ ಬರೆಸಿದ್ದರೆ ಟ್ರಾಮಿಗೆ ಕಾಯೋರೆಲ್ಲ ಓದ್ತಿದ್ದರು."

ಅಷ್ಟು ಹೇಳಿದವಳು, ಊಟವಾದ ಮೇಲೆ ಸ್ಕಾರ್ಫು ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಹೋಗಿ ನೋಡೋಣ ನಡಿ ಎಂದಳು. ಹಬ್ಬದ ದಿನ ಟ್ರಾಮಿಲ್ಲ, ನಜ್ಜರೇನೊ ಮನೆಯಲ್ಲೇ ಗೊರಕೆ ಹೊಡೆಯುತ್ತಿದ್ದ, ಇಬ್ಬರೂ ನಡೆದೇ ಹೋದರು. ಎರ್ಸೀಲಿಯಾ ಆ ಗೋರಿಯ ಹತ್ತಿರದಲ್ಲೇ ಬಾಳಿ ಮುದುಕಿಯಾದವಳು, ಆದರೆ ಅದನ್ನು ತಲೆ ಎತ್ತಿ ನೋಡಿ ಎಷ್ಟು ಕಾಲವಾಗಿತ್ತೋ. ಕಬ್ಬಿಣದ ಕಟಾಂಜನ ಹಿಡಿದು ನಿಂತಳು. ಕಣ್ಣು ಮಂಜಾಗಿದ್ದರಿಂದ ಮೇಲಿನ ಸಾಲಿನ ಕೆತ್ತನೆಯನ್ನು ಸೆತ್ತಿಮಿಯಾ ಬೆರಳು ತೋರಿಸಿ ಹೇಳುತ್ತ ಹೋದಳು. ಇಲ್ಲಿ ಕತ್ತೆ ಬೀಸುಕಲ್ಲು ಸುತ್ತುತ್ತಿದೆ, ಇಲ್ಲಿ ಮೇಜಿನ ಮೇಲೆ ಹಿಟ್ಟು ಉಂಡೆ ಮಾಡುತ್ತಿದ್ದಾರೆ, ಇದು ಒಲೆ, ಇಲ್ಲಿ ಬುಟ್ಟಿಗಳನ್ನು ತಂದು ತೂಗುತ್ತಿದ್ದಾರೆ.

"ಹೆಂಗಸರು ಯಾರಿದಾರೆ?"

"ಯಾರೂ ಇಲ್ಲ ಅತ್ತೆ. ಎಲ್ಲ ಗಂಡಸರೇ."

ಎರ್ಸೀಲಿಯಾ ಕಟಾಂಜನ ಬಿಟ್ಟು ಸೊಸೆಯ ಕಡೆ ತಿರುಗಿದಳು. ಆಮೇಲೆ ಹೇಳಿದ್ದನ್ನು ಸೆತ್ತಿಮಿಯಾ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಳು.

"ನಮ್ಮಲ್ಲೂ ಹಾಗೇ. ಹಿಟ್ಟು, ಒಲೆ ಎಲ್ಲ ಕ್ವಿರೀನೊಂದು. ನನ್ನನ್ನ ಹತ್ರ ಸೇರಿಸ್ತಿರಲಿಲ್ಲ. ಆದರೆ ರೊಟ್ಟಿ ಬುಟ್ಟಿಗೆ ಬಿತ್ತು ಅಂದ್ರೆ ಆಮೇಲೆ ನಂದು. ಯಾರಿಗೆ ಕೊಡಬೇಕು, ಯಾರಿಗೆ ಸಾಲ, ಯಾರಿಗೆ ನಿನ್ನೇದು, ಎಲ್ಲ ನಾನೇ. ಬಾಗಿಲಿಗೆ ಬಂದ ಭಿಕ್ಷುಕನಿಗೆ ಕೊಡೋಕೂ ಅವನು ನನ್ನ ಕೇಳಿ ಬುಟ್ಟಿಗೆ ಕೈ ಹಾಕ್ತಿದ್ದ. ಆ ಚಳಿಗಾಲದಲ್ಲೂ ಅಷ್ಟೇ. ಬೈಸಿಕೊಂಡಿದ್ದು ನಾನು, ಅವನಲ್ಲ. ಬುಟ್ಟಿ ನಂದಲ್ವಾ."

"ಹಾಗಾದ್ರೆ ಇವಳದೂ ಹಾಗೇ ಇತ್ತಾ?"

"ಇವಳ ಮನೇಲಿ ಹೇಗಿತ್ತೋ ನಂಗೇನು ಗೊತ್ತು? ನಾನು ನನ್ನ ಮನೇದು ಹೇಳ್ತಿದೀನಿ. ದುಡ್ಡಿದ್ದೋನು, ಬೇಕಾದ್ರೆ ಬೆಳ್ಳಿ ಪೆಟ್ಟಿಗೆ ಮಾಡಿಸಬಹುದಿತ್ತು. ಬುಟ್ಟೀಲಿ ಇಟ್ಟ. ಯಾಕೆ ಅಂತ ಅವನಿಗೇ ಗೊತ್ತು."

ವಾಪಸು ಬರುವ ದಾರಿಯಲ್ಲಿ, ಇದನ್ನೆಲ್ಲ ಎಲ್ಲಾದರೂ ಹೇಳುವುದಾದರೆ ನನ್ನ ಹೆಸರು ಎತ್ತಕೂಡದು ಎಂದು ಮಾತು ತೆಗೆದುಕೊಂಡಳು. ಸೆತ್ತಿಮಿಯಾ ಒಪ್ಪಿದಳು.

ಮರುದಿನವೇ ಅವಳು ಮೇಷ್ಟ್ರ ಹತ್ತಿರ ಹೋಗಿ, ನೀರೋ ಬೇಡ, ಇವಳೇ ಇರಲಿ ಎಂದಳು. ಬುಟ್ಟಿಯ ಮಾತನ್ನೂ ಹೇಳಿದಳು, ಹೇಳಿದವರು ಯಾರೆಂದು ಹೇಳಲಿಲ್ಲ. ಮೇಷ್ಟ್ರು ಚಿಂತಿಸಿ, ಇರಬಹುದು, ಇಲ್ಲದಿರಬಹುದು, ಬುಟ್ಟಿಯ ಆಕಾರದ ಕಲ್ಲಿನ ಪೆಟ್ಟಿಗೆ ಇದ್ದಿರಬೇಕು ಎನ್ನುತ್ತಾರೆ, ಅದರ ಅರ್ಥ ಯಾರಿಗೂ ಖಚಿತವಿಲ್ಲ ಎಂದರು. ಊಹೆಯನ್ನು ಊಹೆ ಎಂದೇ ಹೇಳಿದರೆ ತಪ್ಪಿಲ್ಲ, ಆದರೆ ಯಾರ ಊಹೆ ಎಂದು ಮೇಜಿನ ಆಚೆಯವರು ಕೇಳಬಹುದು ಎಂದು ಎಚ್ಚರಿಸಿದರು. ಕೇಳದಿರಲಪ್ಪಾ ದೇವರೇ ಎಂದುಕೊಂಡು ಸೆತ್ತಿಮಿಯಾ ಪೊರಕೆ ಎತ್ತಿಕೊಂಡಳು.

ಜೂನಿನಲ್ಲಿ ಪರೀಕ್ಷೆ ಬಂತು. ಮೇಜಿನ ಆಚೆ ಶಾಲೆಯ ಮೇಷ್ಟ್ರುಗಳು, ನಡುವೆ ಅಧ್ಯಕ್ಷೆಯಾಗಿ ಬೇರೆ ಶಾಲೆಯಿಂದ ಬಂದ ಒಬ್ಬ ಬಿಗಿಮುಖದ ಹೆಂಗಸು. ಮೇಜನ್ನು ಬೆಳಿಗ್ಗೆ ಒರೆಸಿ, ನೀರಿನ ಹೂಜಿ ಇಟ್ಟವಳು ಸೆತ್ತಿಮಿಯಾಳೇ. ಆಮೇಲೆ ಏಪ್ರನ್ ಬಿಚ್ಚಿ, ತಲೆ ಬಾಚಿ, ಹೊರಗಿನ ಬೆಂಚಿನಲ್ಲಿ ಕೂತಳು.

ಒತೆಲ್ಲೊ ಮೊದಲು ಒಳಗೆ ಹೋದ. ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದವನೇ ಇವಳ ಪಕ್ಕ ಕುಸಿದ.

"ಊರು ಸುಟ್ಟೋರು ಯಾರು ಅಂದ್ರು, ಸಿನ್ಯೋರಾ ಸೆತ್ತಿಮಿಯಾ. ನಂಗೂ ಗೊತ್ತಿಲ್ಲ, ನಮ್ಮ ಮೇಷ್ಟ್ರಿಗೂ ಗೊತ್ತಿಲ್ಲ ಅಂದೆ. ಅದೇ ಸರಿ ಉತ್ತರ ಅಂತೆ ನೋಡಿ. ಮೊದಲೇ ಗೊತ್ತಿದ್ರೆ ಓದ್ತಾನೇ ಇರಲಿಲ್ಲ."

ಸೆತ್ತಿಮಿಯಾ ಒಳಗೆ ಹೋಗಿ ನಿಂತಳು. ಕೂರಲು ಹೇಳಿದ ಮೇಲೆ ಕೂತಳು. ಈ ಸಲ ಮಾತು ಸರಾಗವಾಗಿ ಬರಲಿಲ್ಲ, ಕಟ್ಟಿಗೆ ಒಡೆದಂತೆ ಒಂದೊಂದೇ ಬಂತು. ಕಲ್ಲು ಹೇಳುವುದು ಇಷ್ಟು. ಪುಸ್ತಕ ನೋಡಿ ಮೇಷ್ಟ್ರು ಹೇಳಿದ್ದು ಇಷ್ಟು. ಕೆತ್ತನೆಯಲ್ಲಿ ನಾನೇ ನೋಡಿದ್ದು ಇಷ್ಟು. ಆ ಕಲ್ಲು ಈ ಗೋರಿಯದೇ ಎನ್ನುವುದೂ ಊಹೆ. ಅವಳಿಗೆ ಮಕ್ಕಳಿದ್ದರೋ ಇಲ್ಲವೋ ಗೊತ್ತಿಲ್ಲ. ಯಾವ ಕಾಯಿಲೆಯಲ್ಲಿ ಸತ್ತಳೋ ಗೊತ್ತಿಲ್ಲ. ಮೊದಲು ನಾನು ನಮ್ಮ ಬೀದಿಯ ಹೆಂಗಸರನ್ನು ಕೇಳಿ ಅವರ ತಾಯಂದಿರ ಬದುಕನ್ನೆಲ್ಲ ಇವಳಿಗೆ ತೊಡಿಸಿದ್ದೆ, ಆಮೇಲೆ ಬಿಚ್ಚಿದೆ ಎಂದಳು. ಅದನ್ನು ಹೇಳುವಾಗ ಮುಖ ಬಿಸಿಯಾಯಿತು. ಕೊನೆಗೆ ಬುಟ್ಟಿಯ ಮಾತಿಗೆ ಬಂದಳು. ರೊಟ್ಟಿ ಅಂಗಡಿಯಲ್ಲಿ ಒಲೆ ಗಂಡಸಿನದು, ಬುಟ್ಟಿ ಹೆಂಗಸಿನದು ಎಂದು ಕೆಲವರ ಮನೆಯಲ್ಲಿ ನಡೆಯುತ್ತದೆ. ಅವಳ ಮನೆಯಲ್ಲೂ ಹಾಗಿದ್ದಿರಬಹುದು, ಇಲ್ಲದಿರಬಹುದು, ಇದು ಬರೀ ಊಹೆ ಎಂದಳು.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡಳು.

"ಕೆಲವರ ಮನೆ ಅಂದರೆ ಯಾರ ಮನೆ?"

ಸೆತ್ತಿಮಿಯಾ ಲಂಬೆರ್ತಿ ಮೇಷ್ಟ್ರ ಕಡೆ ನೋಡಿದಳು. ಅವರು ಮೇಜಿನ ಮೇಲಿನ ಹಾಳೆ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಅವರು ಬಾಯಿ ಹಾಕುವ ಹಾಗಿಲ್ಲ.

"ಗೊತ್ತಿರೋರು ಒಬ್ಬರು ಹೇಳಿದ್ದು."

"ಬೀದಿಯ ಹೆಂಗಸರು ಹೇಳಿದ್ದನ್ನ ಬಿಚ್ಚಿದೆ ಅಂತ ಈಗ ತಾನೇ ಅಂದಿರಿ. ಇದನ್ನ ಮಾತ್ರ ಯಾಕೆ ಉಳಿಸಿಕೊಂಡಿರಿ? ಇದನ್ನ ಹೇಳಿದೋರು ಯಾರು?"

ಕೇಳಿದ್ದು ನ್ಯಾಯವಾಗಿತ್ತು. ಹೆಸರಿಲ್ಲದಿದ್ದರೆ ಇದೂ ಯೋಲೆಯ ಸುಟ್ಟ ಕೈಯಂತೆಯೇ. ಹೆಸರು ಹೇಳಿದರೆ ಅತ್ತೆಗೆ ಕೊಟ್ಟ ಮಾತು ಹೋಯಿತು. ಹೇಳದಿದ್ದರೆ ಇಡೀ ವರ್ಷದ ಓದಿನ ಕೊನೆಗೆ ಕಟ್ಟುಕತೆ ಹೇಳಿದವಳು ಎನ್ನಿಸಿಕೊಂಡು, ಬಾಗಿಲ ಹಿಂದಿನ ಪೊರಕೆಯನ್ನು ಬೇರೊಬ್ಬಳ ಕೈಗೆ ಕೊಟ್ಟು ಹೋಗಬೇಕು. ಹೊರಗೆ ಯಾವುದೋ ಟ್ರಾಮು ಗಂಟೆ ಹೊಡೆದುಕೊಂಡು ತಿರುವಿನಲ್ಲಿ ಕಿರುಗುಟ್ಟಿತು.

"ನಮ್ಮತ್ತೆ," ಎಂದಳು ಸೆತ್ತಿಮಿಯಾ. "ಎರ್ಸೀಲಿಯಾ ಪ್ರೊಯೇತ್ತಿ. ನಮ್ಮ ಮಾವ ಇದೇ ರಸ್ತೇಲಿ ರೊಟ್ಟಿ ಸುಡ್ತಿದ್ದರು. ಅತ್ತೆ ಬೇರೆಯವರದ್ದಲ್ಲ, ತಮ್ಮ ಮನೇದು ಮಾತ್ರ ಹೇಳಿದ್ದು. ಅತಿಸ್ತಿಯಾದು ನಂಗೊತ್ತಿಲ್ಲ ಅಂತಾನೂ ಹೇಳಿದಾರೆ. ಅದಕ್ಕೇ ಉಳಿಸಿಕೊಂಡೆ."

ಅಧ್ಯಕ್ಷೆ ತಲೆಯಾಡಿಸಿದಳು. ಒಪ್ಪಿದಳೋ, ಕೇಳಿಸಿಕೊಂಡೆ ಎಂದಳೋ ಗೊತ್ತಾಗಲಿಲ್ಲ. ಆಮೇಲೆ ಭೂಗೋಳ ಕೇಳಿದರು, ಹೇಳಿದಳು. ಅಗಸ್ಟಸ್ ಯಾವಾಗ ಪಟ್ಟಕ್ಕೆ ಬಂದನೆಂದು ಕೇಳಿದರು, ತಪ್ಪು ಹೇಳಿದಳು. ಗಣಿತದಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಅರ್ಧಕ್ಕೇ ಸಿಕ್ಕಿಕೊಂಡಳು. ಅಭ್ಯಾಸಬಲದಿಂದ ಹಲಗೆಯನ್ನು ಚೊಕ್ಕವಾಗಿ ಒರೆಸಿ, ಡಸ್ಟರು ಜಾಗದಲ್ಲಿಟ್ಟು ಹೊರಗೆ ಬಂದಳು.

ಸಾಯಂಕಾಲ ಬಾಗಿಲಿಗೆ ಪಟ್ಟಿ ಅಂಟಿಸಿದರು. ಅವಳ ಹೆಸರಿನ ಮುಂದೆ ಇದ್ದದ್ದು ಪಾಸಿನಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆ. ಪಾಸು ಪಾಸೇ. ಒತೆಲ್ಲೊ ಅಲ್ಲೇ ಇದ್ದವರಿಗೆಲ್ಲ ಕಾಫಿ ಕೊಡಿಸಿದ. ಸೆತ್ತಿಮಿಯಾ ಕುಡಿದು, ನಕ್ಕು, ಮನೆಯ ದಾರಿ ಹಿಡಿದ ಮೇಲೆ ಕಾಲು ನಿಧಾನವಾಯಿತು.

ನಜ್ಜರೇನೊ ಸಂತೋಷದಲ್ಲಿ ಅವಳ ಭುಜ ಹಿಡಿದು ಅಲ್ಲಾಡಿಸಿದ. ಎರ್ಸೀಲಿಯಾ ಒಲೆಯ ಮುಂದಿದ್ದಳು. ಏನೇನು ಕೇಳಿದರು ಎಂದಳು. ಸೆತ್ತಿಮಿಯಾ ಒಂದೊಂದಾಗಿ ಹೇಳುತ್ತ ಬುಟ್ಟಿಯವರೆಗೆ ಬಂದಳು. ಅಲ್ಲಿ ನಿಲ್ಲಿಸಿ, ನಿಮಗೆ ಕೊಟ್ಟ ಮಾತು ತಪ್ಪಿದೆ ಅತ್ತೆ, ಹೆಸರು ಹೇಳಬೇಕಾಯಿತು ಎಂದಳು.

ಎರ್ಸೀಲಿಯಾ ಸೌಟು ಕೆಳಗಿಟ್ಟಳು. ಬೈಗುಳಕ್ಕೆ ಸೆತ್ತಿಮಿಯಾ ತಯಾರಾದಳು.

"ಏನಂತ ಹೇಳಿದೆ?"

"ಎರ್ಸೀಲಿಯಾ ಪ್ರೊಯೇತ್ತಿ ಅಂತ."

"ಪ್ರೊಯೇತ್ತಿ ನಿನ್ನ ಮಾವ. ನಾನು ಎರ್ಸೀಲಿಯಾ ಚೆಕ್ಕರೆಲ್ಲಿ. ಫ್ರಸ್ಕಾತಿಯಿಂದ ದ್ರಾಕ್ಷಾರಸದ ಗಾಡಿ ಹೊಡೀತಿದ್ದ ಚೆಕ್ಕರೆಲ್ಲಿ ಮಗಳು. ಆ ಕಲ್ಲಿನವಳಿಗೆ ಅಪ್ಪನ ಮನೆ ಹೆಸರು, ನನಗೆ ಮಾತ್ರ ಗಂಡನ ಮನೇದಾ?"

ನಜ್ಜರೇನೊ ನಗಲು ಹೋಗಿ ತಾಯಿಯ ಮುಖ ನೋಡಿ ತಟ್ಟೆ ಜೋಡಿಸತೊಡಗಿದ. ಪರೀಕ್ಷೆ ಮುಗಿಯಿತಲ್ಲ ಅತ್ತೆ, ಇನ್ನೇನು ಎಂದು ಸೆತ್ತಿಮಿಯಾ ಹೇಳಿ ನೋಡಿದಳು. ಮುದುಕಿ ಕೇಳಲಿಲ್ಲ. ಹೇಳಬೇಡ ಅಂದಿದ್ದೆ, ಹೇಳಿದೆ. ಹೇಳಿದ ಮೇಲೆ ಸರಿಯಾಗಿ ಹೇಳಬೇಕು. ನಾಳೆ ಹೋಗಿ ತಿದ್ದಿ ಬಾ ಎಂದಳು.

ಮರುದಿನ ಉಳಿದವರ ಪರೀಕ್ಷೆ ನಡೆಯುತ್ತಿತ್ತು. ಸೆತ್ತಿಮಿಯಾ ಏಪ್ರನ್ ಕಟ್ಟಿಕೊಂಡೇ ಹೂಜಿಗೆ ನೀರು ತುಂಬುವ ನೆಪದಲ್ಲಿ ಒಳಗೆ ಹೋದಳು. ಒಬ್ಬ ಹೋಗಿ ಇನ್ನೊಬ್ಬ ಬರುವ ನಡುವಿನ ಹೊತ್ತು. ಅಧ್ಯಕ್ಷೆ ತಲೆ ಎತ್ತಿ, ಏನಾಗಬೇಕಿತ್ತು ಎಂದಳು.

"ನಿನ್ನೆ ಒಂದು ಹೆಸರು ತಪ್ಪು ಹೇಳಿದ್ದೆ. ನಮ್ಮತ್ತೇದು. ಎರ್ಸೀಲಿಯಾ ಚೆಕ್ಕರೆಲ್ಲಿ."

ಅಧ್ಯಕ್ಷೆ ಪೆನ್ನು ಹಿಡಿದು ಮುಂದಿದ್ದ ಕಾಗದ ನೋಡಿದಳು. ಅದನ್ನು ಬರೆದುಕೊಳ್ಳುವ ಜಾಗ ಅಲ್ಲೆಲ್ಲೂ ಇರಲಿಲ್ಲ. ಪೆನ್ನು ಕೆಳಗಿಟ್ಟು, ಚೆಕ್ಕರೆಲ್ಲಿ, ಆಯಿತು ಎಂದಳು. ಲಂಬೆರ್ತಿ ಮೇಷ್ಟ್ರು ಕೆಮ್ಮಿದರು. ಸೆತ್ತಿಮಿಯಾ ಹೂಜಿ ಇಟ್ಟು, ಮೇಜಿನ ಮೇಲೆ ಚೆಲ್ಲಿದ ನೀರು ಒರೆಸಿ, ಬಾಗಿಲು ಎಳೆದುಕೊಂಡು ಬಂದಳು. ಹೊಸ ಶಾಲಾವರ್ಷ ಶುರುವಾದಾಗ ಆ ಬಾಗಿಲಿನ ಬೀಗದಕೈ ಅವಳ ಸೊಂಟಕ್ಕೇ ಬಂತು.

ಹೆಸರು ತಿದ್ದಿದ ದಿನ ಮನೆಗೆ ಬಂದಾಗ ಎರ್ಸೀಲಿಯಾ ಮೇಜಿನ ಮುಂದೆ ಕೂತು ರೊಟ್ಟಿ ಕುಯ್ಯುತ್ತಿದ್ದಳು.

"ಹೇಳಿದೆಯಾ?"

"ಹೇಳಿದೆ."

"ಏನಂದರು?"

"ಆಯ್ತು ಅಂದರು."

ಎರ್ಸೀಲಿಯಾ ಮೊದಲ ತುಂಡನ್ನು ಸೊಸೆಯ ಕಡೆ ಸರಿಸಿ, ಉಳಿದದ್ದನ್ನು ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದಳು.